ಸಿಟ್ಟು ಬಂದದ್ದು ನಿಮಗೆ ಯಾವಾಗ ಗೊತ್ತಾಗುತ್ತದೆ? ಕೆಲಸದ ಜಾಗದಲ್ಲಿ ನಮ್ಮ ಮನಸ್ಸನ್ನು ನಾವೇ ಅರಿಯುವ ವಿಧಾನಗಳ ಹೋಲಿಕೆ

ಕೆಲಸದ ಜಾಗದಲ್ಲಿ ತನ್ನ ಭಾವನೆಗಳ ಅರಿವು ಬೆಳೆಸಿಕೊಳ್ಳಬೇಕು ಎಂದು ಹೊರಟವರಿಗೆ ಆಯ್ಕೆಗಳಿಗೇನೂ ಬರವಿಲ್ಲ. ಡೈರಿ ಇದೆ, ಫೋನಿನ ಆ್ಯಪ್ ಇದೆ, ಉಸಿರಾಟ, ಧ್ಯಾನ, ಪ್ರಶ್ನಾವಳಿ, ಸಹೋದ್ಯೋಗಿಗಳ ಅಭಿಪ್ರಾಯ, ಕಾರ್ಯಾಗಾರ ಎಲ್ಲವೂ ಇವೆ. ಎಲ್ಲವೂ ಒಳ್ಳೆಯದೇ ಎನ್ನುವವರು ಬಹಳ, ಯಾರಿಗೆ ಯಾವುದು ಎಂದು ಹೇಳುವವರು ಕಡಿಮೆ. ಆಯ್ಕೆ ನಿಂತಿರುವುದು ಎರಡು ಸಂಗತಿಗಳ ಮೇಲೆ: ನಿಮ್ಮ ಅರಿವು ಎಲ್ಲಿ ತಪ್ಪುತ್ತಿದೆ, ಮತ್ತು ನಿಮ್ಮ ಕೆಲಸದ ನಡುವೆ ಎಷ್ಟು ಪುರಸೊತ್ತು ಸಿಗುತ್ತದೆ. ಕಲಬುರಗಿಯ ನೆಹರು ಗಂಜ್‌ನ ಆಡತ್ ಅಂಗಡಿಯಲ್ಲಿ ತೊಗರಿ ಸೀಸನ್ನಿನ ಲೆಕ್ಕ ಬರೆಯುವವರಿಗೆ ಹೊಂದುವುದು ಬೀದರಿನ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ನರ್ಸ್‌ಗೆ ಹೊಂದಲಿಕ್ಕಿಲ್ಲ.

ಮೊದಲು ತಪ್ಪುವುದು ಎಲ್ಲಿ ಎಂದು ನೋಡಿಕೊಳ್ಳಿ

ಮೂರು ಬಗೆ ಇವೆ. ಒಂದು, ತಡವಾಗಿ ಗೊತ್ತಾಗುವುದು. ಕೌಂಟರಿನಲ್ಲಿ ರೈತರೊಬ್ಬರ ಮೇಲೆ ರೇಗಿ, ಪಾಸ್‌ಬುಕ್ ಎಸೆದಂತೆ ಕೊಟ್ಟು, ಊಟಕ್ಕೆ ಕೂತಾಗ ‘ಅಷ್ಟ್ಯಾಕ ಸಿಟ್ಟಿಗೆದ್ದೆ’ ಅನ್ನಿಸುತ್ತದೆ. ಎರಡು, ಮಸುಕಾಗಿ ಗೊತ್ತಾಗುವುದು. ಮೇಲಧಿಕಾರಿ ಮೀಟಿಂಗ್‌ನಲ್ಲಿ ಬೈದರೂ ‘ಟೆನ್ಷನ್’, ವರ್ಗಾವಣೆ ಪಟ್ಟಿ ಬಂದರೂ ‘ಟೆನ್ಷನ್’, ಜೂನಿಯರ್‌ಗೆ ಪ್ರಮೋಷನ್ ಸಿಕ್ಕರೂ ‘ಟೆನ್ಷನ್’. ಮೂರು, ಎಲ್ಲರಿಗೂ ಗೊತ್ತಾಗಿ ನಿಮಗೆ ಮಾತ್ರ ಗೊತ್ತಾಗದೆ ಇರುವುದು. ‘ಇವತ್ತ ಸಾಹೇಬ್ರ ಮೂಡ್ ಸರಿ ಇಲ್ಲ, ನಾಳಿ ಬರ್ರಿ’ ಎಂದು ಬಾಗಿಲಲ್ಲೇ ಅಟೆಂಡರ್ ಜನರನ್ನು ವಾಪಸ್ ಕಳಿಸುತ್ತಿರುತ್ತಾನೆ. ಒಳಗಿರುವ ಸಾಹೇಬರು ತಾವು ಆರಾಮಾಗಿದ್ದೇವೆ ಎಂದೇ ತಿಳಿದಿರುತ್ತಾರೆ. ಮನೋವಿಜ್ಞಾನಿಗಳಾದ ಜೋಸೆಫ್ ಲಫ್ಟ್ ಮತ್ತು ಹ್ಯಾರಿಂಗ್ಟನ್ ಇಂಗಮ್ 1955ರಲ್ಲಿ ರೂಪಿಸಿದ ‘ಜೋಹಾರಿ ಕಿಟಕಿ’ ಎಂಬ ನಾಲ್ಕು ಮನೆಯ ಚಿತ್ರದಲ್ಲಿ ಇದಕ್ಕೇ ಒಂದು ಮನೆ ಮೀಸಲಿದೆ: ಬೇರೆಯವರಿಗೆ ಕಾಣುವ, ನಮಗೆ ಕಾಣದ ಭಾಗ.

ನಿಮ್ಮದು ಯಾವುದು ಎಂದು ತಿಳಿಯಲು ಹತ್ತು ನಿಮಿಷ ಸಾಕು. ಕಳೆದ ವಾರದ ಅತಿ ಕಷ್ಟದ ಒಂದು ಗಳಿಗೆ ನೆನಪಿಸಿಕೊಳ್ಳಿ. ಆಗ ಇದ್ದ ಭಾವ ಯಾವುದು ಎಂದು ಟೆನ್ಷನ್, ಬೇಜಾರು, ತ್ರಾಸ ಎಂಬ ಮೂರು ಮಾತು ಬಿಟ್ಟು ಬರೆಯಿರಿ. ಬರೆಯಲು ಆಗದಿದ್ದರೆ ನಿಮ್ಮದು ಎರಡನೆಯ ಬಗೆ. ಬರೆಯಲು ಬಂತು, ಆದರೆ ಅದು ಗೊತ್ತಾದದ್ದು ಎಲ್ಲ ಮುಗಿದ ಮೇಲೆ ಎಂದಾದರೆ ಮೊದಲನೆಯದು. ‘ನನಗೇನೂ ಅಂಥಾ ಕಷ್ಟದ ಗಳಿಗೆ ಬಂದೇ ಇಲ್ಲ’ ಎಂದು ಪೆನ್ನು ಕೆಳಗಿಟ್ಟವರು ಮೂರನೆಯ ಬಗೆಯ ಬಗ್ಗೆ ಯೋಚಿಸಬೇಕು.

ನೋಟ್‌ಬುಕ್: ಮಸುಕಾದವರಿಗೆ ಮೊದಲ ಆಯ್ಕೆ

ಯಾವ ಬಗೆ ಎಂದು ತೀರ್ಮಾನವಾಗದಿದ್ದರೂ ಇಲ್ಲಿಂದಲೇ ಶುರು ಮಾಡಬಹುದು. ಖರ್ಚು ಕಡಿಮೆ, ತಪ್ಪಿದರೆ ಹಾನಿಯೂ ಕಡಿಮೆ. ಕಿಸೆಯಲ್ಲಿ ಹಿಡಿಸುವ ನೋಟ್‌ಬುಕ್ ಸಾಕು. ದಿನಕ್ಕೆ ಎರಡು ಸಲ, ಊಟದ ಹೊತ್ತಿಗೆ ಮತ್ತು ಕೆಲಸ ಬಿಡುವ ಮುಂಚೆ, ಮೂರು ಮೂರು ನಿಮಿಷ. ನಮ್ಮ ಭಾಗದ ಸರ್ಕಾರಿ ಕಚೇರಿಗಳಿಗೆ ಏಪ್ರಿಲ್-ಮೇಯಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರ ವೇಳೆ ಇರುವುದರಿಂದ ಆಗ ಊಟದ ಹೊತ್ತಿನ ಬರಹ ತಪ್ಪಿಹೋಗುತ್ತದೆ. ಅದನ್ನು 10:30ರ ಚಹಾಕ್ಕೆ ಬದಲಾಯಿಸಿ. ನೋಟ್‌ಬುಕ್ ಅರ್ಧಕ್ಕೆ ನಿಲ್ಲುವುದು ಇಂಥ ವೇಳೆ ಬದಲಾವಣೆಯಲ್ಲೇ.

ಬರೆಯಬೇಕಾದ್ದು ಐದು ಸಂಗತಿ. ಹೊತ್ತು, ಏನು ನಡೆಯಿತು (ಒಂದೇ ಸಾಲು), ಮೈಯಲ್ಲಿ ಏನಾಯಿತು, ಭಾವದ ಹೆಸರು ಮತ್ತು 10ಕ್ಕೆ ಎಷ್ಟು, ಆಮೇಲೆ ನಾನು ಏನು ಮಾಡಿದೆ. ಒಂದು ನಮೂನೆ:

11:40. ಎಲ್ಲರೆದುರು ‘ಫೈಲ್ ಎಲ್ಲಿಟ್ಟೀರಿ’ ಎಂದು ಕೇಳಿದರು. ಕಿವಿ ಬಿಸಿ, ಗಂಟಲು ಬಿಗಿ. ಅವಮಾನ 7, ಸಿಟ್ಟು 4. ಸುಮ್ಮನಿದ್ದೆ, ಆಮೇಲೆ ಕಂಪ್ಯೂಟರ್ ಆಪರೇಟರ್ ಮೇಲೆ ಕೂಗಾಡಿದೆ.

ಇಲ್ಲಿ ಎರಡು ಭಾವ, ಎರಡು ಅಂಕ ಇರುವುದನ್ನು ನೋಡಿ. ಬರೆಯುವ ಮೊದಲು ಇದು ಬರೀ ಸಿಟ್ಟು ಎನಿಸಿರುತ್ತದೆ. ಅಂಕ ಹಾಕುವಾಗ ಅವಮಾನವೇ ದೊಡ್ಡದು ಎಂದು ಗೊತ್ತಾಗುತ್ತದೆ, ಅದರ ಮದ್ದೂ ಬೇರೆಯಾಗುತ್ತದೆ: ಆಪರೇಟರ್ ಮೇಲೆ ಕೂಗಾಡುವುದರ ಬದಲು ಮೇಲಧಿಕಾರಿಯನ್ನು ಒಬ್ಬರೇ ಇರುವಾಗ ಭೇಟಿಯಾಗಿ ಮಾತಾಡುವುದು.

ರಟ್ಟಿನ ಒಳಬದಿಗೆ ಹದಿನೈದಿಪ್ಪತ್ತು ಹೆಸರು ಬರೆದಿಟ್ಟುಕೊಳ್ಳಿ: ಸಿಟ್ಟು, ಕಿರಿಕಿರಿ, ಅವಮಾನ, ನಾಚಿಕೆ, ಹೊಟ್ಟೆಕಿಚ್ಚು, ಅಂಜಿಕೆ, ಕಳವಳ, ತಪ್ಪು ಮಾಡಿದ ಅಳುಕು, ಬೇಸರ, ದುಃಖ, ಒಂಟಿತನ, ಸೋತ ಭಾವ, ಅಸಹ್ಯ, ನಿರಾಳ, ಹೆಮ್ಮೆ, ಉಮೇದಿ, ಸಮಾಧಾನ. ಪುಸ್ತಕದ ಮಾತೇ ಬೇಕೆಂದಿಲ್ಲ. ‘ಎದಿ ಧಸಕ್ಕಂತು’, ‘ಮುಖಕ್ಕ ಹೊಡ್ದಂಗಾತು’ ಎಂದು ಬರೆದರೆ ಇನ್ನೂ ಚೊಲೋ. ಮನೆಯಲ್ಲಿ ಉರ್ದು, ಮರಾಠಿ, ತೆಲುಗು ಆಡುವವರು ಅದರಲ್ಲೇ ಬರೆಯಲಿ.

ಇದು ಕೆಡುವ ದಾರಿಗಳೂ ಗೊತ್ತಿರುವಂಥವೇ. ಎಲ್ಲಕ್ಕಿಂತ ಹೆಚ್ಚು ಕೆಡಿಸುವುದು ‘ಯಾಕೆ’. ‘ನನಗ್ಯಾಕ ಹಿಂಗಾಗ್ತದ’ ಎಂದು ಕೇಳಿಕೊಂಡರೆ ಮನಸ್ಸು ಒಂದು ಕತೆ ಹೆಣೆಯುತ್ತದೆ, ಅದೇ ಕತೆಯನ್ನು ರಾತ್ರಿಯೆಲ್ಲ ತಿರುವಿ ಹಾಕುತ್ತದೆ. ‘ಏನು’ ಎಂದು ಕೇಳಿ: ಏನಾಯಿತು, ಮೈಗೆ ಏನಾಯಿತು, ಈಗ ಏನು ಬೇಕು. ಎರಡನೆಯದು, ನೋಟ್‌ಬುಕ್ ಚಾಡಿ ಪುಸ್ತಕವಾಗುವುದು. ವಾರದ ಕೊನೆಗೆ ಪುಟಗಳನ್ನು ನೋಡಿ, ‘ಅವರು’, ‘ಅವನು’ ಎಂದು ಶುರುವಾಗುವ ಸಾಲುಗಳನ್ನು ಎಣಿಸಿ. ಅರ್ಧಕ್ಕಿಂತ ಹೆಚ್ಚಿದ್ದರೆ ನೀವು ಬರೆಯುತ್ತಿರುವುದು ಸಹೋದ್ಯೋಗಿಗಳ ಬಗ್ಗೆ. ಮೂರನೆಯದು ಗುಟ್ಟು ರಟ್ಟಾಗುವುದು. ಆಫೀಸಿನ ಕಂಪ್ಯೂಟರಿನಲ್ಲಿ ಬರೆಯಬೇಡಿ, ಟೇಬಲ್ಲಿನ ಡ್ರಾದಲ್ಲಿ ಬಿಡಬೇಡಿ, ಹೆಸರಿನ ಜಾಗಕ್ಕೆ ಒಂದಕ್ಷರ ಹಾಕಿ.

ಇನ್ನೊಂದು ನಮ್ಮ ಕಡೆಯ ವಿಶೇಷ. ಏಪ್ರಿಲ್-ಮೇಯಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ದಾಟುತ್ತದೆ. ನೀರು ಕಡಿಮೆಯಾದ ಮೈ, ನಿದ್ದೆಗೆಟ್ಟ ರಾತ್ರಿ, ರಂಜಾನ್ ರೋಜಾ, ಶ್ರಾವಣ ಸೋಮವಾರದ ಉಪವಾಸ ಇವೆಲ್ಲ ಸಿಟ್ಟಿನ ವೇಷ ಹಾಕಿಕೊಂಡು ಬರುತ್ತವೆ. ಆದ್ದರಿಂದ ಪುಟದ ತಲೆಗೆ ಮೂರು ಅಂಕಿ ಬರೆಯಿರಿ: ಎಷ್ಟು ತಾಸು ನಿದ್ದೆ, ಕೊನೆಯ ಊಟ ಎಷ್ಟೊತ್ತಿಗೆ, ಎಷ್ಟು ಗ್ಲಾಸ್ ನೀರು. ಎರಡು ವಾರದ ಬಳಿಕ ‘ಸಿಟ್ಟು 8’ ಎಂಬ ದಿನಗಳೆಲ್ಲ ‘ನಿದ್ದೆ 4’ ಎಂಬ ದಿನಗಳೇ ಆಗಿದ್ದರೆ, ಭಾವನೆಯ ಅರಿವಿಗಿಂತ ಮೊದಲು ಕೂಲರ್ ರಿಪೇರಿ ಮಾಡಿಸಿಕೊಳ್ಳುವುದು ಒಳ್ಳೆಯದು.

ಡೈರಿ ಎಂದಾಗ ಇನ್ನೊಂದು ವಿಧಾನವನ್ನೂ ಇದರ ಜೊತೆ ಬೆರೆಸುವವರಿದ್ದಾರೆ. ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ನಾಲ್ಕು ದಿನ ಒಂದೇ ಸಮ, ದಿನಕ್ಕೆ 15 ನಿಮಿಷ, ತಮ್ಮನ್ನು ಆಳವಾಗಿ ಕಲಕಿದ ಘಟನೆಯ ಬಗ್ಗೆ ಬರೆದರು. ಬರೆದ ಕೂಡಲೇ ಅವರ ಮನಸ್ಸು ಇನ್ನಷ್ಟು ಭಾರವಾಗಿತ್ತು. ಲಾಭ ಕಂಡದ್ದು ಮುಂದಿನ ತಿಂಗಳುಗಳಲ್ಲಿ. ಹಳೆಯ ಒಂದು ಗಾಯ ಕೆಲಸದಲ್ಲಿ ಮತ್ತೆ ಮತ್ತೆ ಅಡ್ಡ ಬರುತ್ತಿದ್ದರೆ ಇದು ಸರಿ. ಆದರೆ ಮನೆಯಲ್ಲಿ, ರಜೆಯ ದಿನ. ಬರೆದು ಎದ್ದು ನೇರ ಕೌಂಟರಿಗೆ ಹೋಗಿ ಕೂರುವಂಥದ್ದಲ್ಲ.

ನಾಲ್ಕು ಮನೆಯ ಚೌಕ ಮತ್ತು ಆ್ಯಪ್‌ಗಳು

ಫೋನಿನ ಮೂಡ್ ಆ್ಯಪ್‌ಗಳಲ್ಲಿ ಹಲವಕ್ಕೆ ಬುನಾದಿ ಜೇಮ್ಸ್ ರಸೆಲ್ 1980ರಲ್ಲಿ ಮುಂದಿಟ್ಟ ಮಾದರಿ. ಎರಡೇ ಪ್ರಶ್ನೆ: ಮನಸ್ಸಿಗೆ ಹಿತವೋ ಅಹಿತವೋ, ಮೈಯಲ್ಲಿ ಹುರುಪು ಹೆಚ್ಚೋ ಕಡಿಮೆಯೋ. ಅಡ್ಡಗೆರೆ, ಉದ್ದಗೆರೆ ಎಳೆದು ಒಂದು ಚುಕ್ಕೆ ಇಟ್ಟರೆ ಮುಗಿಯಿತು, ಹತ್ತು ಸೆಕೆಂಡಿನ ಕೆಲಸ. ಬಸ್ ಕಂಡಕ್ಟರ್, ನರ್ಸ್, ಸೇಡಂ-ಚಿತ್ತಾಪುರ ಕಡೆಯ ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿ ಮಾಡುವವರು, ಹೀಗೆ ಕೂತು ಬರೆಯಲು ಆಗದವರಿಗೆ ನೋಟ್‌ಬುಕ್‌ಗಿಂತ ಇದೇ ವಾಸಿ.

ಇದರ ಬಲ ‘ಯಾವಾಗ’ ಎಂಬುದರಲ್ಲಿದೆ. ಎರಡು ವಾರದ ಚುಕ್ಕೆಗಳನ್ನು ಒಟ್ಟಿಗೆ ನೋಡಿದರೆ, ಅಹಿತದ ಚುಕ್ಕೆಗಳು ಪಾಳಿ ಬದಲಾಗುವ ಹೊತ್ತಿಗೋ, ಕ್ಯಾಶ್ ಲೆಕ್ಕ ಒಪ್ಪಿಸುವ ಹೊತ್ತಿಗೋ ಗುಂಪಾಗಿರುವುದು ಕಾಣುತ್ತದೆ. ದೌರ್ಬಲ್ಯವೂ ಅಷ್ಟೇ ಸ್ಪಷ್ಟ: ಸಿಟ್ಟೂ ಅಂಜಿಕೆಯೂ ಎರಡೂ ಅಹಿತ, ಎರಡರಲ್ಲೂ ಹುರುಪು ಹೆಚ್ಚು, ಎರಡೂ ಒಂದೇ ಮನೆಗೆ ಬಂದು ಬೀಳುತ್ತವೆ. ಎಲ್ಲವನ್ನೂ ‘ಟೆನ್ಷನ್’ ಎನ್ನುವವರಿಗೆ ಈ ಚೌಕ ಏನನ್ನೂ ಬಿಡಿಸಿ ಹೇಳುವುದಿಲ್ಲ.

ಅಲಾರಂ ಇಟ್ಟುಕೊಳ್ಳುವ ಬದಲು ಕೆಲಸದ ಒಂದು ಗುರುತಿಗೆ ಗಂಟು ಹಾಕಿ. ಕಂಡಕ್ಟರ್‌ಗೆ ಪ್ರತಿ ಟ್ರಿಪ್ ಮುಗಿದಾಗ, ನರ್ಸ್‌ಗೆ ಪ್ರತಿ ರೌಂಡ್ ಮುಗಿದಾಗ. ಜನ ಮುತ್ತಿಕೊಂಡಾಗ ಹೊಡೆಯುವ ಅಲಾರಂ ಅನ್ನು ಕೈ ತಾನಾಗಿ ಆರಿಸುತ್ತದೆ, ಮೂರ್ನಾಲ್ಕು ದಿನಕ್ಕೆ ಅದು ಕಿವಿಗೇ ಬೀಳುವುದಿಲ್ಲ. ಆ್ಯಪ್ ಬಳಸುವುದಾದರೆ ಮಾಹಿತಿ ಫೋನಿನಲ್ಲೇ ಉಳಿಯುತ್ತದೋ ಕಂಪನಿಯ ಸರ್ವರ್‌ಗೆ ಹೋಗುತ್ತದೋ ನೋಡಿ. ಆಫೀಸಿನವರೇ ಹಾಕಿಕೊಳ್ಳಿ ಎಂದು ಕೊಟ್ಟ ಆ್ಯಪ್‌ನಲ್ಲಿ ಯಾರೂ ನಿಜ ಬರೆಯುವುದಿಲ್ಲ, ಬರೆಯಬೇಕಾಗಿಯೂ ಇಲ್ಲ.

ಮೈಯ ಸುಳಿವು ಹಿಡಿಯುವುದು: ತಡವಾಗುವವರಿಗೆ

ರೇಗಿದ ಮೇಲೆ ಗೊತ್ತಾಗುವವರಿಗೆ ನೋಟ್‌ಬುಕ್ ಅರ್ಧ ಉಪಯೋಗ. ಅವರಿಗೆ ಬೇಕಾದದ್ದು ಮಾತು ಬಾಯಿಂದ ಹೊರಡುವ ಮುಂಚಿನ ಕೆಲವು ಸೆಕೆಂಡುಗಳು, ಅವು ಸಿಗುವುದು ಮೈಯಲ್ಲಿ. ಫಿನ್ಲೆಂಡಿನ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು 700 ಜನ ಯಾವ ಭಾವ ಮೈಯ ಎಲ್ಲಿ ಎದ್ದು ಕಾಣುತ್ತದೆ ಎಂದು ಚಿತ್ರದ ಮೇಲೆ ಬಣ್ಣ ಹಚ್ಚಿ ತೋರಿಸಿದರು. ಸಿಟ್ಟು ತಲೆ, ಎದೆ, ತೋಳುಗಳಲ್ಲಿ ಏರಿತ್ತು. ದುಃಖದಲ್ಲಿ ಕೈಕಾಲುಗಳ ಕಸುವು ಇಳಿದಿತ್ತು. ಇದು ಒಟ್ಟು ನಕ್ಷೆ. ನಿಮ್ಮ ಸುಳಿವು ನಿಮ್ಮದೇ.

ಅದನ್ನು ಹುಡುಕುವ ಕ್ರಮ: ಇತ್ತೀಚಿನ ಮೂರು ಜಗಳ ಆಯ್ದುಕೊಳ್ಳಿ. ಪ್ರತಿಯೊಂದನ್ನೂ ಹಿಂದುಮುಂದಾಗಿ ನೆನೆಯಿರಿ. ಕೂಗಿದ್ದಕ್ಕೆ ಮುಂಚೆ ಏನಾಯಿತು, ಅದಕ್ಕೂ ಮುಂಚೆ? ಹಲ್ಲು ಕಚ್ಚಿದ್ದು, ಪೆನ್ನಿನ ತುದಿ ಹಾಳೆಗೆ ಒತ್ತಿ ಹಿಂಬದಿಗೆ ಮೂಡಿದ್ದು, ದನಿ ಏರಿದ್ದು, ಎದುರಿನವರ ಮಾತು ಮುಗಿಯುವ ಮೊದಲೇ ‘ಆಯ್ತ್ರಿ ಆಯ್ತ್ರಿ’ ಎಂದದ್ದು. ಮೂರರಲ್ಲೂ ಇರುವ, ಎಲ್ಲಕ್ಕಿಂತ ಮೊದಲು ಬರುವ ಸುಳಿವು ಒಂದೇ ಒಂದು ಆರಿಸಿ. ಅದು ಕಂಡ ಕೂಡಲೇ ಮಾಡಬೇಕಾದ್ದು ಇಷ್ಟು: ಎರಡೂ ಪಾದ ನೆಲಕ್ಕೆ ಊರಿ, ನಾಲ್ಕು ಎಣಿಸುತ್ತ ಉಸಿರು ಒಳಗೆ, ಆರು ಎಣಿಸುತ್ತ ಹೊರಗೆ. ಐದು ಸಲಕ್ಕೆ ಒಂದು ನಿಮಿಷವೂ ಬೇಡ. ಜೊತೆಗೆ ಮನಸ್ಸಿನಲ್ಲಿ ಭಾವದ ಹೆಸರು ಹೇಳಿ: ‘ಸಿಟ್ಟು’, ‘ಅಂಜಿಕೆ’. ಮ್ಯಾಥ್ಯೂ ಲೀಬರ್ಮನ್ ತಂಡ 2007ರಲ್ಲಿ ಮಿದುಳಿನ ಸ್ಕ್ಯಾನ್ ಮೂಲಕ ತೋರಿಸಿದ್ದು ಇದನ್ನೇ. ಭಾವದಿಂದ ತುಂಬಿದ ಮುಖಗಳನ್ನು ನೋಡುತ್ತ ಆ ಭಾವದ ಹೆಸರನ್ನು ಆರಿಸಿದಾಗ, ಅಪಾಯದ ಗಂಟೆ ಬಾರಿಸುವ ಅಮಿಗ್ಡಲಾದ ಚಟುವಟಿಕೆ ಇಳಿಯಿತು.

ಇಲ್ಲಿ ಸೋಲುವವರಲ್ಲಿ ಬಹುಪಾಲು ಜನ ಸಿಟ್ಟು ಬಂದಾಗ ಮಾತ್ರ ಅಭ್ಯಾಸಕ್ಕೆ ಹೊರಟವರು. ಮೊದಲ ಎರಡು ವಾರ ಸಮಾಧಾನದ ಹೊತ್ತಿನಲ್ಲೇ ಮಾಡಿ: ಹತ್ತು ಟೋಕನ್‌ಗೊಮ್ಮೆ, ಚಹಾ ಬಂದಾಗ, ಗಾಡಿ ಸ್ಟಾರ್ಟ್ ಮಾಡುವ ಮುಂಚೆ. ಜೋರಾಗಿ, ಬೇಗ ಬೇಗ ಉಸಿರೆಳೆದರೆ ತಲೆ ಸುತ್ತುತ್ತದೆ; ಹೊರಬಿಡುವುದೇ ಉದ್ದವಾಗಬೇಕು. ಉಬ್ಬಸ, ಹೃದಯದ ತೊಂದರೆ ಇರುವವರು ಉಸಿರು ಹಿಡಿದಿಡುವ ಗೊಡವೆಗೆ ಹೋಗಬಾರದು. ದಾಲ್ ಮಿಲ್ಲಿನ ಧೂಳಿನಲ್ಲಿ ನಿಂತು ಮಾಡುವುದಲ್ಲ, ಮೊದಲು ಹೊರಗೆ ಬನ್ನಿ. ಎದೆಬಡಿತದ ಕಡೆ ಗಮನ ಕೊಟ್ಟರೆ ಗಾಬರಿ ಹೆಚ್ಚಾಗುವ ಜನರೂ ಇದ್ದಾರೆ. ಅವರು ಎದೆಯನ್ನು ಬಿಟ್ಟು ಅಂಗಾಲು, ಅಂಗೈಯ ಕಡೆ ಗಮನ ಇಡಲಿ.

ಇದೇ ದಾರಿಯ ದೊಡ್ಡ ರೂಪವೆಂದರೆ ಜಾನ್ ಕಬಾಟ್-ಜಿನ್ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಶುರು ಮಾಡಿದ ಎಂಟು ವಾರದ ಧ್ಯಾನದ ಕೋರ್ಸ್. ವಾರಕ್ಕೊಂದು ಎರಡೂವರೆ ತಾಸಿನ ತರಗತಿ, ಮನೆಯಲ್ಲಿ ದಿನಾ ಮುಕ್ಕಾಲು ತಾಸು ಅಭ್ಯಾಸ. ಸಮಯ ಇದ್ದವರಿಗೆ ಒಳ್ಳೆಯದೇ. ಯಾದಗಿರಿಯಿಂದ ದಿನಾ ರೈಲಿನಲ್ಲಿ ಕಲಬುರಗಿಗೆ ಬಂದು ಹೋಗುವ ನೌಕರನಿಗೆ ಇದನ್ನು ಹೇಳುವುದರಲ್ಲಿ ಅರ್ಥವಿಲ್ಲ. ಆ ರೈಲಿನಲ್ಲಿ ಕೂತ ಜಾಗದಲ್ಲೇ ಹತ್ತು ನಿಮಿಷ, ವಾರಕ್ಕೆ ಐದು ದಿನ ನಡೆದರೂ ದೊಡ್ಡದು.

ಇನ್ನೊಬ್ಬರನ್ನು ಕೇಳುವುದು

ಮೂರನೆಯ ಬಗೆಯವರಿಗೆ ಮೇಲಿನ ಯಾವುದೂ ಸಾಲದು. ತನಗೆ ಕಾಣದ್ದನ್ನು ತಾನೇ ಬರೆಯುವುದು ಹೇಗೆ? ಅವರಿಗಿರುವುದು ಇದೊಂದೇ. ಎಲ್ಲಕ್ಕಿಂತ ಪರಿಣಾಮ ಹೆಚ್ಚು, ಎಡವಿದರೆ ಪೆಟ್ಟೂ ಹೆಚ್ಚು.

ಯಾರನ್ನು ಕೇಳಬೇಕು ಎಂಬುದರಲ್ಲೇ ಮುಕ್ಕಾಲು ಪಾಲು ತೀರ್ಮಾನವಾಗುತ್ತದೆ. ಮೇಲಧಿಕಾರಿ ಬೇಡ, ನಿಮ್ಮ ಒಪ್ಪುವಿಕೆ ನಾಳೆ ವಾರ್ಷಿಕ ವರದಿಗೆ ಹೋಗಬಹುದು. ನೀವು ರಜೆ ಮಂಜೂರು ಮಾಡುವ ಕೈಕೆಳಗಿನವರೂ ಬೇಡ. ಅವರು ನಿಜ ಹೇಳುವುದಿಲ್ಲ, ಅವರ ಮೌನವನ್ನು ನೀವು ಮೆಚ್ಚುಗೆ ಎಂದು ತಿಳಿಯುತ್ತೀರಿ. ನೆಂಟರು, ಒಂದೇ ಊರಿನವರು ಮುಲಾಜಿಗೆ ಬೀಳುತ್ತಾರೆ. ಸಮಾನ ಹುದ್ದೆಯ, ನಿಮ್ಮನ್ನು ಕನಿಷ್ಠ ಎರಡು ಬಗೆಯ ಸಂದರ್ಭದಲ್ಲಿ (ಮೀಟಿಂಗ್ ಮತ್ತು ಜನರ ಎದುರು) ನೋಡಿರುವ, ಮಾತು ಹೊರಗೆ ಹೋಗದಂತೆ ಇಟ್ಟುಕೊಳ್ಳಬಲ್ಲ ಒಬ್ಬರು ಸಾಕು.

‘ನಾ ಹ್ಯಾಂಗದೀನಿ ಹೇಳ್ರಿ’ ಎಂದು ಕೇಳಿದರೆ ‘ಏ, ನೀವು ಚೊಲೋನೇ ಅದೀರಿ ಬಿಡ್ರಿ ಸರ್’ ಎಂಬ ಉತ್ತರ ಗ್ಯಾರಂಟಿ. ಹೀಗೆ ಕೇಳಿ: ‘ಹೋದ ತಿಂಗಳದಾಗ ನಾ ಹೇಳೂಕಿಂತ ಮೊದಲ ನನಗ ಸಿಟ್ಟು ಬಂದದ್ದು ನಿಮಗ ಯಾವಾಗ ಗೊತ್ತಾತು? ಏನು ನೋಡಿ ಗೊತ್ತಾತು? ಮುಖ, ದನಿ, ಕೈ?’ ಆಫೀಸಿನ ಹೊರಗೆ, ಚಹಾದ ಅಂಗಡಿಯಲ್ಲಿ, ಹದಿನೈದು ನಿಮಿಷ. ಅವರು ಹೇಳುವಾಗ ನಿಮ್ಮ ಬಾಯಿಂದ ಬರಬೇಕಾದ್ದು ‘ಹೌದಾ, ಮತ್ತ?’ ಎಂಬುದಷ್ಟೇ. ‘ಅವತ್ತು ಏನಾಗಿತ್ತಂದ್ರ...’ ಎಂದು ಸಮಜಾಯಿಷಿ ಶುರುವಾದರೆ ಕೆಲಸ ಕೆಟ್ಟಿತು. ಮುಂದಿನ ತಿಂಗಳು ಅವರು ‘ಎಲ್ಲಾ ಆರಾಮ’ ಎನ್ನುತ್ತಾರೆ. ಉತ್ತರ ಕೊಡುವುದಿದ್ದರೂ ಒಂದು ರಾತ್ರಿ ಕಳೆಯಲಿ. ತಿಂಗಳಿಗೊಮ್ಮೆಗಿಂತ ಹೆಚ್ಚು ಬೇಡ.

ಕೇಳಬೇಕಾದ್ದು ನಡವಳಿಕೆಯನ್ನು. ‘ನಿಮಗ ಸಿಟ್ಟು ಜಾಸ್ತಿ’ ಎಂಬಂಥ ಹಣೆಪಟ್ಟಿಯನ್ನು ಒಪ್ಪಿಕೊಳ್ಳಬೇಡಿ, ಮುಖ್ಯವಾಗಿ ಹೆಣ್ಣುಮಕ್ಕಳು. ಅದೇ ದನಿಯಲ್ಲಿ ಗಂಡಸು ಮಾತಾಡಿದರೆ ‘ಖಡಕ್ ಆಫೀಸರ್’ ಎಂದು ಹೊಗಳುವ ಕಚೇರಿಗಳು ಎಲ್ಲ ಕಡೆ ಇವೆ. ಇನ್ನೊಂದು ಎಚ್ಚರ: ಸಿಟ್ಟಿನ ಹಿಂದೆ ನಿಜವಾದ ಅನ್ಯಾಯ ಇದ್ದರೆ ಅರಿವು ಬೆಳೆಸಿಕೊಂಡು ಸುಮ್ಮನಾಗುವುದು ಪರಿಹಾರವಲ್ಲ. ಲೈಂಗಿಕ ಕಿರುಕುಳವಾದರೆ 2013ರ ಕಾನೂನಿನಂತೆ ಹತ್ತು ಅಥವಾ ಹೆಚ್ಚು ನೌಕರರಿರುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಚಿಕ್ಕ ಜಾಗದವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು.

ದೊಡ್ಡ ಕಂಪನಿಗಳಲ್ಲಿ ಇದನ್ನೇ ‘360 ಡಿಗ್ರಿ’ ಎಂದು, ಮೇಲಿನವರು, ಸಮಾನರು, ಕೈಕೆಳಗಿನವರು ಎಲ್ಲ ಗುಂಪಿನವರಿಂದಲೂ ಫಾರ್ಮ್ ಮೂಲಕ ಮಾಡಿಸುತ್ತಾರೆ. ಹೆಸರು ಗುಟ್ಟಾಗಿ ಉಳಿಯಲು ಒಂದೊಂದು ಗುಂಪಿನಿಂದ ಕನಿಷ್ಠ ಮೂವರಾದರೂ ಉತ್ತರಿಸಬೇಕು ಎಂಬುದು ಸಾಮಾನ್ಯ ನಿಯಮ. ಐದು ಜನರ ತಾಲೂಕು ಶಾಖೆಯಲ್ಲಿ ಯಾವ ಮಾತು ಯಾರದೆಂದು ಓದಿದ ಕೂಡಲೇ ಗೊತ್ತಾಗುತ್ತದೆ. ಅಂಥಲ್ಲಿ ಇದನ್ನು ಮಾಡಿಸದಿರುವುದೇ ಕ್ಷೇಮ.

ಪ್ರಶ್ನಾವಳಿ, ಕಾರ್ಯಾಗಾರ

ಭಾವನೆಗಳ ಜಾಣತನ ಅಳೆಯುತ್ತೇವೆ ಎನ್ನುವ, ಇಂಟರ್‌ನೆಟ್ಟಿನ ಹತ್ತು ಪ್ರಶ್ನೆಯ ‘ಇಕ್ಯೂ ಟೆಸ್ಟ್’ಗೆ ಹೆಚ್ಚು ಹೊತ್ತು ಕೊಡಬೇಡಿ. ತನ್ನ ಭಾವ ತನಗೆ ತಿಳಿಯದವನನ್ನೇ ‘ನಿಮ್ಮ ಭಾವ ನಿಮಗೆ ತಿಳಿಯುತ್ತದೆಯೇ’ ಎಂದು ಕೇಳಿದರೆ ಬರುವ ಅಂಕಕ್ಕೆ ಬೆಲೆ ಎಷ್ಟು? ತನ್ನ ಭಾವ ಗುರುತಿಸಲು ಎಷ್ಟು ಕಷ್ಟ ಎಂದು ಅಳೆಯಲು ಸಂಶೋಧನೆಯಲ್ಲಿ ಬಳಸುವ 20 ಪ್ರಶ್ನೆಯ ಟೊರೊಂಟೊ ಮಾಪಕದಂಥವೂ ಇದೇ ತೊಡಕಿನಿಂದ ಪೂರ್ತಿ ಪಾರಾಗಿಲ್ಲ. ಮೂರು ತಿಂಗಳ ಅಂತರದಲ್ಲಿ ಒಂದೇ ಪ್ರಶ್ನಾವಳಿ ತುಂಬಿ ಹೋಲಿಸಿಕೊಳ್ಳಲು ಮಾತ್ರ ಅಷ್ಟಿಷ್ಟು ಉಪಯೋಗ.

ಕಾರ್ಯಾಗಾರಕ್ಕೆ ದುಡ್ಡು ಕೊಡುವ ಮುಂಚೆ ಮೂರು ಸಂಗತಿ ಕೇಳಿ. ಒಂದು ದಿನದ್ದೋ, ಎರಡು ವಾರದ ಅಂತರದಲ್ಲಿ ನಾಲ್ಕು ಸಲದ್ದೋ? ನಡುವೆ ಅಭ್ಯಾಸ ಇಲ್ಲದ ಒಂದು ದಿನದ ಹೋಟೆಲ್ ಹಾಲ್ ತರಬೇತಿ ಊಟದ ನೆನಪಷ್ಟೇ ಉಳಿಸುತ್ತದೆ. ಕನ್ನಡದಲ್ಲಿ ನಡೆಯುತ್ತದೆಯೇ? ಬೆಂಗಳೂರಿನಿಂದ ಬಂದವರ ಇಂಗ್ಲಿಷ್ ಸ್ಲೈಡ್ ನೋಡಿ ‘ಅವಮಾನ 7’ ಎಂದು ಯಾರೂ ಬಾಯಿ ಬಿಡುವುದಿಲ್ಲ. ಮೇಲಧಿಕಾರಿ ಅದೇ ಕೋಣೆಯಲ್ಲಿ ಇರುತ್ತಾರೆಯೇ? ಇರುತ್ತಾರಾದರೆ ತಮ್ಮ ಮನಸ್ಸಿನ ಮಾತು ಹಂಚಿಕೊಳ್ಳಿ ಎಂಬ ಆಟಗಳನ್ನು ಕೈಬಿಡಲು ಹೇಳಿ.

ಇವುಗಳಲ್ಲಿ ಯಾವುದೂ ಅಲ್ಲದಾಗ

ಯಾವ ವಿಧಾನವಾದರೂ ಒಂದೊಂದೇ ಹಿಡಿಯಿರಿ, ಮೂರು ವಾರ ಕೊಡಿ. ಆದರೆ ಎರಡು ವಾರದಿಂದ ನಿದ್ದೆ ಸರಿಯಿಲ್ಲ, ಊಟ ಸೇರುತ್ತಿಲ್ಲ, ಯಾವುದರಲ್ಲೂ ಮನಸ್ಸಿಲ್ಲ, ಬದುಕೇ ಬೇಡ ಎನಿಸುತ್ತಿದೆ, ಅಥವಾ ಕೆಲಸಕ್ಕೆ ಹೋಗಲು ಕುಡಿಯಲೇಬೇಕಾಗಿದೆ ಎಂದಾದರೆ ನೋಟ್‌ಬುಕ್, ಉಸಿರಾಟ ಎಂದು ಕಾಯುತ್ತ ಕೂರಬಾರದು. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬದುಕು ಬೇಡ ಎನಿಸಿದವರು ಇವತ್ತೇ ಕರೆ ಮಾಡಬೇಕು, ಒಬ್ಬರೇ ಇರಬಾರದು. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ತಾಲೂಕು ಆಸ್ಪತ್ರೆಗಳಿಗೆ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಬರುವ ಮಂಗಳವಾರ ಯಾವುದೆಂದು ಮೊದಲೇ ವಿಚಾರಿಸಿ ಹೋಗಿ. ಬರೆದಿಟ್ಟ ಪುಟಗಳಿದ್ದರೆ ಕೊನೆಯ ಎರಡು ವಾರದ್ದು ಜೊತೆಗೆ ಒಯ್ಯಿರಿ: ನಿದ್ದೆ ಎಷ್ಟು, ಊಟ ಹೇಗೆ, ಯಾವಾಗಿನಿಂದ ಹೀಗೆ ಎಂದು ಡಾಕ್ಟರು ಕೇಳಿದಾಗ ತಡವರಿಸಬೇಕಾಗುವುದಿಲ್ಲ.